ನೀಲವ್ವನ ಪರದೆಯ ಹಿಂದಿನ ಜಾಗ

ವಸ್ತುಸಂಗ್ರಹಾಲಯಕ್ಕೆ ಹೋದಾಗ ನನ್ನ ಕಣ್ಣು ಮೊದಲು ಬೀಳುವುದು ವಸ್ತುವಿನ ಮೇಲಲ್ಲ, ಅದರ ಕೆಳಗಿನ ಫಲಕದ ಮೇಲೆ. ಅಲ್ಲಿ ಯಾರ ಹೆಸರು ಬಿಟ್ಟುಹೋಗಿದೆ, ಯಾರ ಹೆಸರು ಅನಗತ್ಯವಾಗಿ ದಪ್ಪಕ್ಷರದಲ್ಲಿ ಮೆರೆದಿದೆ ಎಂಬುದನ್ನು ಹುಡುಕಿ ಸಂಬಂಧಪಟ್ಟವರಿಗೆ ತಿಳಿಸುವವರೆಗೆ ನನಗೆ ಸಮಾಧಾನವಿಲ್ಲ. ಸುಧಾರಣೆಯ ಹುರುಪಿದ್ದ ಶಾಲೆಯಲ್ಲಿ ಕಲಿತದ್ದರ ಫಲವಿದು. ಅನ್ಯಾಯ ಕಂಡಲ್ಲಿ ಬೆರಳು ಮಾಡಿ ತೋರಿಸಬೇಕೆಂದು ನಮ್ಮ ಗುರುಗಳು ಹೇಳಿಕೊಟ್ಟರು. ಬೆರಳನ್ನು ಯಾವಾಗ ಇಳಿಸಬೇಕೆಂದು ಹೇಳಲು ಮರೆತರು. ಮದುವೆಗಳಿಗೆ ನನ್ನನ್ನು ಕರೆಯುವವರು ಈಗ ಕಡಿಮೆ.

ನವನಗರದ ವಸ್ತುಸಂಗ್ರಹಾಲಯದಲ್ಲಿ ನೀಲವ್ವನ ತೊಗಲುಗೊಂಬೆಗಳ ಪ್ರದರ್ಶನ ಏರ್ಪಟ್ಟಾಗ ಮಾತ್ರ ನನಗೆ ಕರೆ ಬಂತು. ನೀಲವ್ವ ಮರೋಳದವಳು. ಕಳೆದ ಶತಮಾನದ ಆರಂಭದಲ್ಲಿ ಗೊಂಬೆಪೆಟ್ಟಿಗೆಯನ್ನು ಕತ್ತೆಯ ಮೇಲೆ ಹೇರಿಕೊಂಡು ಬಾದಾಮಿಯಿಂದ ಇಳಕಲ್ಲಿನವರೆಗೆ ಅಲೆದವಳು. ಹೆಂಗಸರು ಹಾಡಬೇಕು, ಗಂಡಸರು ಆಡಿಸಬೇಕು ಎಂಬ ಕಟ್ಟಳೆಯನ್ನು ಮೀರಿ ಗೊಂಬೆಯ ಕಡ್ಡಿಯನ್ನು ತಾನೇ ಹಿಡಿದವಳು. ಬೆಳಕು ದಾಟುವಷ್ಟು ತೆಳ್ಳಗೆ ಹೆರೆದ ಆಡಿನ ತೊಗಲಿನಲ್ಲಿ ಅವಳು ದ್ರೌಪದಿಗೆ ಇಳಕಲ್ ಸೀರೆ ಉಡಿಸಿದಳು. ಸೆರಗಿನ ಬಿಳಿ ತೆನೆಗಳಿಗೆ ಬಣ್ಣ ಬಳಿಯದೆ ಸಣ್ಣ ರಂಧ್ರಗಳನ್ನು ಕೊರೆದಳು. ದೀಪ ಹಚ್ಚಿದೊಡನೆ ಬೆಳಕೇ ನೂಲಾಗಿ ಸೆರಗನ್ನು ನೇಯುತ್ತಿತ್ತು. ಮಹಾಭಾರತದ ರಾಣಿ ನಮ್ಮ ಮಗ್ಗದ ಸೀರೆಯನ್ನುಟ್ಟಳು ಎಂಬುದನ್ನು ನೆನೆದರೆ ಈ ವಯಸ್ಸಿನಲ್ಲಿಯೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಆದರೆ ಅವಳ ದೊಡ್ಡ ಕೆಲಸ ಬೇರೆಯದು. ಹೊಲಗೇರಿಯವರು ಪರದೆಯ ಮುಂದೆ ಕೂಡುವಂತಿಲ್ಲ ಎಂದು ಊರ ಹಿರಿಯರು ಅಪ್ಪಣೆ ಮಾಡುತ್ತಿದ್ದ ಕಾಲವದು. ನೀಲವ್ವ ಅವರನ್ನು ಪರದೆಯ ಹಿಂದೆ, ತನ್ನ ಬೆನ್ನಿಗೇ ಕರೆದು ಕೂರಿಸಿದಳು. ಮುಂದೆ ಕುಳಿತವರಿಗೆ ಕಂಡದ್ದು ನೆರಳು. ಹಿಂದೆ ಕುಳಿತವರಿಗೆ ಕಂಡದ್ದು ಗೊಂಬೆ, ದೀಪ, ಕೈ ಎಲ್ಲವೂ. ಕೆಲವೇ ಆಟಗಳಲ್ಲಿ ಗೌಡರ ಮಕ್ಕಳೂ ಮೆಲ್ಲನೆ ಹಿಂದಕ್ಕೆ ನುಸುಳತೊಡಗಿದರಂತೆ. ಅನ್ಯಾಯ ಅಲ್ಲಿಗೇ ಅಳಿಯಿತೆಂದು ನಾನು ಹೇಳಲಾರೆ. ಅದರ ಸೊಕ್ಕು ಇಳಿಯಿತೆಂದು ಖಂಡಿತ ಹೇಳಬಲ್ಲೆ.

ಇಂಥವಳ ಪ್ರದರ್ಶನದಲ್ಲಿ ಪರದೆಯನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರು! ಸಂಜೆ ಆಟವಾಡಿಸಲು ಬಂದಿದ್ದ ನೀಲವ್ವನ ಮೊಮ್ಮಗಳು, ಇಳಿವಯಸ್ಸಿನ ಗಂಗವ್ವ, ಅದನ್ನು ನೋಡಿದವಳೇ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟಳು.

"ಗ್ವಾಡಿಗೆ ಬೆನ್ನ ಹಚ್ಚಿ ನಾ ಆಡಸೂದಿಲ್ಲರಿ. ಹಿಂದ ಮಂದಿ ಇಲ್ದ ನಮ್ಮಜ್ಜಿ ಒಂದಿನಾನೂ ಗೊಂಬಿ ಮುಟ್ಟಿಲ್ಲ."

"ಹಂಗಂದ್ರ ಹೆಂಗ ಆಯಿ? ಪರದೆ ಮುಂದ ತಂದ್ರ ಅತಿಥಿಗಳ ಸೋಫಾ ಎಲ್ಲಿ ಹಾಕ್ಲಿ?" ಎಂದು ಪ್ರದರ್ಶನದ ಅಧಿಕಾರಿ ಕೈಹೊಸಕಿದರು. ಹುನಗುಂದದ ಕಡೆಯ ಸಜ್ಜನ ತರುಣ.

ಸೋಫಾ ಎಂಬ ಪದ ಕಿವಿಗೆ ಬಿದ್ದದ್ದೇ ನನ್ನ ಬೆರಳು ಎದ್ದಿತು. ಆಸನಗಳಲ್ಲಿ ಅಡಗಿರುವ ಅಸಮಾನತೆಯನ್ನು ಕುರಿತು, ಪಂಕ್ತಿಭೇದದಿಂದ ಆರಂಭಿಸಿ, ಕ್ರಮಬದ್ಧವಾಗಿ ಮಾತನಾಡಿದೆ. ಅಧಿಕಾರಿ ಗಡಿಯಾರ ನೋಡಿದರು. ದೀಪದವನು ಆಕಳಿಸಿದ.

"ಅಕ್ಕಾರ, ನೀವು ಹೇಳೂದು ಖರೇನ ಐತಿ," ಎಂದಳು ಗಂಗವ್ವ. "ಆದ್ರ ಭಾಳ ಹೊತ್ತ ಹೇಳ್ತೀರಿ."

ಹೀಗೆಂದು ಪೆಟ್ಟಿಗೆಯಿಂದ ಒಂದು ಹೆಣ್ಣುಗೊಂಬೆಯನ್ನು ಎತ್ತಿದಳು. ನೀಲವ್ವನೇ ಹುಟ್ಟಿಸಿದ ಚಂದ್ರವ್ವ ಅದು. ಸದಾ ಚಾಚಿದ ಬೆರಳು, ಬೇಕಾದಾಗ ಅದನ್ನು ಇಳಿಸಲು ಮೊಣಕೈಯಲ್ಲೊಂದು ಕೀಲು. ಯಾವ ರಾಜನ ಸಭೆಯಾದರೂ ಒಳನುಗ್ಗಿ, ಕೇಳಬಾರದ್ದನ್ನು ಕೇಳಿ, ಎಲ್ಲರನ್ನೂ ನಗಿಸಿ ಹೋಗುವವಳು. ಚಂದ್ರವ್ವನ ಬೆರಳು ಅಧಿಕಾರಿಯ ಮೂಗಿನೆದುರು ಕುಣಿಯಿತು.

"ಏನಪಾ ಸಾಹೇಬಾ, ಸೋಫಾದ ಚಿಂತಿ ಮಾಡಾಕತ್ತೀ! ನಿಮ್ಮ ಮುತ್ಯಾ ನೀಲವ್ವನ ಆಟಕ್ಕ ಎಲ್ಲಿ ಕುಂತಿದ್ದ? ಮುಂದನೋ, ಹಿಂದನೋ?"

ತರುಣ ನಕ್ಕ. ಆಮೇಲೆ ಆ ನಗು ಎಲ್ಲಿಯೋ ತಡೆದು ನಿಂತಿತು.

"ಹಿಂದ, ಆಯಿ," ಎಂದ ಮೆತ್ತಗೆ. "ನಮ್ಮಪ್ಪ ಹೇಳ್ತಿದ್ದ. ಮುತ್ಯಾ ದ್ರೌಪದಿ ಸೀರಿ ಭಾಳ ಹತ್ರದಿಂದ ನೋಡಿದ್ನಂತ."

ಅವನೇ ಅಂಗಿಯ ತೋಳು ಮಡಚಿ ಪರದೆಯ ಚೌಕಟ್ಟಿನ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ನಾನು ಹಿಡಿದೆ. ಸೋಫಾಗಳು ವರಾಂಡಕ್ಕೆ ಹೋದವು. ಸಂಜೆ ಆಟ ಆರಂಭವಾದಾಗ ಮುಂದೆ ಅರ್ಧ ಜನ, ಹಿಂದೆ ಅರ್ಧ ಜನ. ದ್ರೌಪದಿಯ ಸೆರಗು ಬೆಳಗುವ ವೇಳೆಗೆ ಮುಂದಿನವರಲ್ಲಿ ಬಹುತೇಕರು ಎದ್ದು ಹಿಂದಕ್ಕೆ ಬಂದಿದ್ದರು. ತರುಣ ಅಧಿಕಾರಿ ಎಲ್ಲರಿಗಿಂತ ಮೊದಲು ಅಲ್ಲಿ ನೆಲದ ಮೇಲೆ ಕುಳಿತಿದ್ದ, ದೀಪಕ್ಕೆ ಅತಿ ಹತ್ತಿರದಲ್ಲಿ. ಇದು ನಮ್ಮ ನಾಡಿನ ಹೆಣ್ಣುಮಗಳೊಬ್ಬಳ ಯೋಚನೆ ಎಂಬ ಅಭಿಮಾನದಿಂದ ನನ್ನ ಕಣ್ಣು ಮಂಜಾಯಿತು.

ಮಂಜಾದ ಕಣ್ಣಿಗೂ, ಅಲ್ಲಿಯವರೆಗೆ ಪರದೆ ಮುಚ್ಚಿಕೊಂಡಿದ್ದ ಗೋಡೆಯ ಫಲಕ ಕಂಡಿತು: 'ಗೊಂಬೆಯಾಟದ ದುರ್ಗಪ್ಪನ ಪತ್ನಿ.' ನೀಲವ್ವನ ಹೆಸರೇ ಇರಲಿಲ್ಲ! ಬೆರಳು ತಾನಾಗಿ ಏಳತೊಡಗಿತು. ಆಟದ ನಡುವೆಯೇ ಚಂದ್ರವ್ವ ನನ್ನತ್ತ ತಿರುಗಿದಳು.

"ಅಕ್ಕಾರ, ಇನ್ನ ಏನ ತಪ್ಪ ಉಳದೈತಿ? ಲಗೂನ ಹೇಳ್ರಿ, ದ್ರೌಪದಿ ಕಾಯಾಕತ್ತಾಳ."

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ, ನಗುತ್ತಲೇ ಫಲಕವನ್ನು ತೋರಿಸಿ, "ನೀಲವ್ವ ಎಲ್ಲಿ?" ಎಂದೆ. ನನ್ನ ಬದುಕಿನ ಅತ್ಯಂತ ಚಿಕ್ಕ ಭಾಷಣವದು. ಫಲಕ ಮರುದಿನ ಬೆಳಿಗ್ಗೆಯೇ ಬದಲಾಯಿತು.

ಬೆರಳು ಮಾಡುವುದನ್ನು ನಾನು ಬಿಟ್ಟಿಲ್ಲ. ಬಿಡುವ ಕಾಲವೂ ಬಂದಿಲ್ಲ. ಆದರೆ ಮೊಣಕೈಗೆ ಚಂದ್ರವ್ವನಿಗಿರುವಂಥ ಕೀಲೊಂದನ್ನು ಹಾಕಿಕೊಳ್ಳಲು ಯತ್ನಿಸುತ್ತಿದ್ದೇನೆ. ಕಳೆದ ತಿಂಗಳು ಒಂದು ಮದುವೆಗೆ ಕರೆ ಬಂದಿತ್ತು.