ಹರಿದ ರೊಟ್ಟಿಯ ಮುಟಗಿ

ನೌಕರಿಯಿಂದ ನಿವೃತ್ತನಾದ ಮೇಲೆ ನಮ್ಮಣ್ಣನಿಗೆ ಬಾಲ್ಯ ಅಂಟಿಕೊಂಡಿತು, ಕೆಲವರಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡ ಹಾಗೆ. ಕಚೇರಿಯಲ್ಲಿದ್ದಷ್ಟು ವರ್ಷ ನಮ್ಮೂರು ಕಮಲಾಪುರದಿಂದ ಯಾರಾದರೂ ಕೆಲಸ ಕೇಳಿಕೊಂಡು ಬಂದರೆ ಮೀಟಿಂಗಿನಲ್ಲಿದ್ದೇನೆ ಎಂದು ಹೇಳಿಸಿ ಕಳಿಸುತ್ತಿದ್ದವನು, ಈಗ ಬೆಳಗಾಗುವುದರೊಳಗೆ ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ಬುಗುರಿ, ಗೋಲಿ, ಚಿನ್ನಿದಾಂಡಿನ ಚಿತ್ರ ಹಾಕತೊಡಗಿದ. ಇವುಗಳನ್ನು ಆಡಿದವರೇ ಭಾಗ್ಯವಂತರು ಎಂದು ಕೆಳಗೊಂದು ಸಾಲು. ಜೊತೆಗೆ ಕಣ್ಣೀರು ಹಾಕುವ ಹಳದಿ ಮುಖ.

ನಾನು ಅವನಿಗಿಂತ ಐದು ವರ್ಷ ಚಿಕ್ಕವಳು. ಕಲಬುರಗಿಯ ಬ್ರಹ್ಮಪುರದಲ್ಲಿ ನನ್ನ ಮನೆ. ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಅಣ್ಣನ ಬಾಲ್ಯವನ್ನು ಹತ್ತಿರದಿಂದ ಕಂಡವರಲ್ಲಿ ಈಗ ಉಳಿದವರು ಬಹಳ ಜನ ಇಲ್ಲ. ಅದೇ ಅವನ ಧೈರ್ಯ.

ಚಿನ್ನಿದಾಂಡು ಅವನದೇ ಆಗಿತ್ತು. ಅಪ್ಪ ಬಡಿಗನ ಹತ್ತಿರ ಜಾಲಿಯ ಕಟ್ಟಿಗೆಯಲ್ಲಿ ಮಾಡಿಸಿಕೊಟ್ಟಿದ್ದರು. ಓಣಿಯ ಹುಡುಗರ ಹತ್ತಿರ ಇದ್ದದ್ದು ಬೇವಿನ ಟೊಂಗೆ ಕಡಿದುಕೊಂಡಿದ್ದ ಸೊಟ್ಟ ಸಾಮಾನು. ಆದ್ದರಿಂದ ಎಲ್ಲರಿಗೂ ಅಣ್ಣ ಬೇಕು. ಅಣ್ಣನಿಗೆ ಔಟಾಗುವುದು ಬೇಡ. ಯಾರಾದರೂ ಚಿನ್ನಿಯನ್ನು ಗಾಳಿಯಲ್ಲೇ ಹಿಡಿದುಬಿಟ್ಟರೆ, ಅದನ್ನು ಅವರ ಕೈಯಿಂದ ಇಸಿದುಕೊಂಡು ಚಡ್ಡಿಯ ಜೇಬಿಗೆ ಹಾಕಿ ನೇರ ಮನೆಗೆ ಬರುತ್ತಿದ್ದ. ತಾನು ಒಂದು ಆಟವನ್ನೂ ಸೋತಿಲ್ಲ ಎಂದು ಈಗ ಮೊಮ್ಮಗಳಿಗೆ ಹೇಳುತ್ತಾನೆ. ಅದು ಸುಳ್ಳಲ್ಲ. ಸೋಲುವ ತನಕ ಆಟ ನಡೆಯಬೇಕಲ್ಲ. ಇನ್ನು ನನ್ನ ಪಾಲಿಗೆ ಬಂದಿದ್ದ ಆಟವೆಂದರೆ, ಮುಳ್ಳುಕಂಟಿಯೊಳಗೆ ಹೋಗಿ ಬಿದ್ದ ಚಿನ್ನಿಯನ್ನು ಹುಡುಕಿ ತಂದುಕೊಡುವುದು. ಅದನ್ನೇ ಅವನು ಗುಂಪಿನಲ್ಲಿ ‘ಅಣ್ಣ-ತಂಗಿ ಕೂಡಿ ಆಡುತ್ತಿದ್ದ ದಿನಗಳು’ ಎಂದು ಬರೆದಿದ್ದಾನೆ.

ಊಟದ ವಿಷಯವೂ ಅಷ್ಟೇ. ಈಗಿನ ಮಕ್ಕಳು ಪಾಕೀಟಿನ ತಿಂಡಿ ತಿಂದು ಹಾಳಾಗುತ್ತಿದ್ದಾರೆ, ನಮಗಾದರೆ ಅವ್ವ ಮಾಡಿದ ಮುಟಗಿ ಇತ್ತು ಎನ್ನುತ್ತಾನೆ. ಮುಟಗಿ ಎಂದರೆ ಬಿಸಿ ಜೋಳದ ರೊಟ್ಟಿಯನ್ನು ಮುರಿದು, ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು ಹಾಕಿ ಒರಳಲ್ಲಿ ಕುಟ್ಟಿ, ಎಣ್ಣೆ ಬಿಟ್ಟು ಉಂಡೆ ಕಟ್ಟಿದ್ದು. ಅದರ ಮುಂದೆ ನನಗೆ ಇವತ್ತಿಗೂ ಯಾವ ಪಕ್ವಾನ್ನವೂ ಹಿಡಿಸುವುದಿಲ್ಲ. ಆದರೆ ಅಣ್ಣನಿಗೆ ಆಗ ಬೇಕಾಗಿದ್ದದ್ದು ಬ್ರೆಡ್ಡು. ನಮ್ಮ ಮನೆಯಲ್ಲಿ ಬ್ರೆಡ್ಡು ಜ್ವರ ಬಂದವರಿಗೆ ಮಾತ್ರ. ಯಾರಾದರೂ ಕಲಬುರಗಿಗೆ ಹೋದಾಗ ತರುತ್ತಿದ್ದರು. ಆದ್ದರಿಂದ ಅಣ್ಣನಿಗೆ ತಿಂಗಳಿಗೊಮ್ಮೆ ಜ್ವರ ಬರುತ್ತಿತ್ತು. ಹಾಲಲ್ಲಿ ಅದ್ದಿದ ಬ್ರೆಡ್ಡು ತಿಂದು ಮುಗಿಸಿದ ಕೂಡಲೇ ಜ್ವರ ಇಳಿದು, ಹುಡುಗ ಗೋಲಿ ಆಡಲು ಹೋಗುತ್ತಿದ್ದ.

ಹೋದ ವರ್ಷ ಚಳಿಗಾಲದಲ್ಲಿ ಅವನು ಒಂದು ಯೋಜನೆ ಹಾಕಿದ. ಒಂದು ಭಾನುವಾರ ಎಲ್ಲರೂ ಕಮಲಾಪುರಕ್ಕೆ ಹೋಗುವುದು. ಮೊಬೈಲು ಮುಟ್ಟದೆ ಹಳೆಯ ಆಟ ಆಡುವುದು, ಹೊರಗಡೆ ಕಲ್ಲಿನ ಒಲೆ ಹೂಡಿ ಮುಟಗಿ ಮಾಡಿಸಿ ತಿನ್ನುವುದು, ಮತ್ತು ಅದನ್ನೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡುವುದು. ಮುಟಗಿ ಮಾಡುವವರು ಕಾಕು ಎಂದು ಅವನೇ ತೀರ್ಮಾನಿಸಿದ್ದ.

ಕಾಕು ಎಂದರೆ ನಮ್ಮ ಚಿಕ್ಕಪ್ಪನ ಹೆಂಡತಿ. ಎಂಬತ್ತು ದಾಟಿದ್ದಾಳೆ. ಗೊಬ್ಬರ-ಬೀಜದ ಅಂಗಡಿ ಇಟ್ಟಿರುವ ಮಗನ ಜೊತೆ ಕಮಲಾಪುರದಲ್ಲೇ ಇದ್ದಾಳೆ. ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ. ಈ ಏರ್ಪಾಡಿನ ಬಗ್ಗೆ ಅವಳನ್ನು ಒಂದು ಮಾತು ಕೇಳಬೇಕೆಂದು ಅಣ್ಣನಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ನಾನು ಆ ದಿನಕ್ಕೆ ಯಾವ ಇಳಕಲ್ಲು ಸೀರೆ ಉಡಬೇಕೆಂದು ಯೋಚಿಸುತ್ತಿದ್ದೆ.

ಅಣ್ಣನ ಕಾರಿನಲ್ಲಿ ನಾಲ್ವರು ಹೊರಟೆವು: ಅಣ್ಣ, ಅವನ ಹೆಂಡತಿ ನಮ್ಮ ವೈನಿ, ಅವರ ಹತ್ತು ವರ್ಷದ ಮೊಮ್ಮಗಳು, ನಾನು. ದಾರಿಯ ನಡುವಿನ ಮಹಾಗಾಂವ ಬರುವಷ್ಟರಲ್ಲಿ ಅಣ್ಣ ಮೂರು ಸಲ ಆಹಾ ಮಣ್ಣಿನ ವಾಸನೆ ಎಂದ. ಕಾರಿನ ಗಾಜು ಏರಿಸಿತ್ತು, ಏಸಿ ಓಡುತ್ತಿತ್ತು. ವೈನಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಅವಳು ಹಿಂದಿನ ಡಿಕ್ಕಿಯಲ್ಲಿ, ಗಂಡನಿಗೆ ಹೇಳದೆ, ಕೇಟರಿಂಗಿನವರಿಂದ ಮಾಡಿಸಿದ ಪಲಾವ್ ಮತ್ತು ಬದನೆಕಾಯಿ ಪಲ್ಯದ ದೊಡ್ಡ ಡಬ್ಬಿಗಳನ್ನು ಇಟ್ಟಿದ್ದಳು. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಯೋಜನೆಗಳ ಅಂತ್ಯ ಮೊದಲೇ ಗೊತ್ತಾಗುತ್ತದೆ.

ಕಾಕುವಿನ ಮನೆಯ ಹಿಂದಿನ ಬಯಲಿನಲ್ಲಿ ಆಟ ಶುರುವಾಯಿತು. ಕಾಕುವಿನ ಮಗ ಚಿನ್ನಿದಾಂಡು ಕೆತ್ತಿಸಿ ಇಟ್ಟಿದ್ದ. ಅಣ್ಣ ಪ್ಯಾಂಟು ಮಡಚಿ ದಾಂಡು ಹಿಡಿದ. ಮೊದಲ ಮೂರು ಹೊಡೆತ ನೆಲಕ್ಕೆ ಬಿದ್ದವು; ಚಿನ್ನಿಯ ಮೂತಿ ಸರಿಯಾಗಿ ಕೆತ್ತಿಲ್ಲ ಎಂದ. ನಾಲ್ಕನೆಯದು ಎದ್ದಿತು. ಮೊಮ್ಮಗಳು ಓಡಿಹೋಗಿ ಎರಡೂ ಕೈಯಲ್ಲಿ ಅದನ್ನು ಹಿಡಿದುಬಿಟ್ಟಳು.

“ಅಜ್ಜಾ, ನೀವ್ ಔಟಾದ್ರಿ.”

“ನಮ್ಮ ಕಾಲದಾಗ ಆ ಕಡಿಂದ ಹಿಡದ್ರ ಔಟ್ ಅಂತಿದ್ದಿಲ್ಲ,” ಎಂದ ಅಣ್ಣ. ಚಿನ್ನಿಯನ್ನು ಅವಳಿಂದ ಇಸಿದುಕೊಂಡ. ಇನ್ನು ಅಡುಗೆಯ ಕಡೆ ನೋಡೋಣ ಎನ್ನುತ್ತ ಅದನ್ನು ಜೇಬಿಗೆ ಹಾಕಿಕೊಂಡ.

ಹುಡುಗಿ ಅಲ್ಲೇ ನಿಂತು ನನ್ನ ಮುಖ ನೋಡಿದಳು. ಅಜ್ಜ ಏಕೆ ಹೀಗೆ ಮಾಡಿದರು ಎಂದು ಕೇಳಿದಳು. ನಿಮ್ಮಜ್ಜ ತನ್ನ ಬಾಲ್ಯವನ್ನು ನಿನಗೆ ತೋರಿಸುತ್ತಿದ್ದಾನೆ, ಸ್ವಲ್ಪವೂ ಬದಲಾಗಿಲ್ಲ ಎಂದೆ. ಆ ಹೊತ್ತಿಗೆ ನನಗೆ ಬಹಳ ಖುಷಿಯಾಗಿತ್ತು.

ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದ್ದರು. ಕಾಕುವಿನ ಅಡುಗೆಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಗಿದೆ, ಆದರೆ ಗ್ಯಾಸಿನ ಮೇಲೆ ಬೇಯಿಸಿದರೆ ವಿಡಿಯೊದಲ್ಲಿ ಹಳೆಯ ಕಾಲ ಕಾಣುವುದಿಲ್ಲವಂತೆ. ಹಸಿ ಕಟ್ಟಿಗೆ. ಹೊಗೆಯೋ ಹೊಗೆ. ಕಾಕು ಕಪ್ಪು ಕನ್ನಡಕ ಹಾಕಿಕೊಂಡು, ಹೊಗೆ ಬರದ ಕಡೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದಳು. ಅಣ್ಣ ಮೊಬೈಲನ್ನು ಕೂಸಿನಂತೆ ಜೋಪಾನವಾಗಿ ಒಂದು ಕೋಲಿಗೆ ಸಿಕ್ಕಿಸಿ, ಕಾಕುವಿನ ಎದುರು ಬಗ್ಗಿ ನಿಂತ. ಯಾವಾಗಲೂ ‘ನೀ’ ಎನ್ನುತ್ತಿದ್ದವನಿಗೆ ಕ್ಯಾಮೆರಾದ ಮುಂದೆ ‘ರೀ’ ಬಂತು.

“ಕಾಕು, ನಮ್ಮವ್ವ ಮಾಡ್ತಿದ್ದಂಥ ಮುಟಗಿ ಇವತ್ತ ನೀವು ಮಾಡಿ ತಿನ್ನಿಸ್ಬೇಕ್ರಿ.”

ಕಾಕು ಕಪ್ಪು ಕನ್ನಡಕ ಸರಿಮಾಡಿಕೊಂಡಳು. ಆಮೇಲೆ, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವಷ್ಟೇ ಸಹಜವಾಗಿ ಹೇಳಿದಳು:

“ಮಾಡಿದ್ದು ನೆನಪದ. ಬಿಸಿದು ತಿಂದಿದ್ದು ನೆನಪಿಲ್ಲ. ಇವತ್ತ ನೀ ಮಾಡು, ನಾ ತಿಂದ್ ನೋಡ್ತೀನಿ.”

ಅಣ್ಣ ನಕ್ಕ. ಕಾಕು ನಗಲಿಲ್ಲ. ನನಗೆ ಬರುವುದಿಲ್ಲ ಎಂದ. ಆಸೆ ನಿನ್ನದಲ್ಲವೇ, ಕುಳಿತುಕೋ ಎಂದಳು. ಎಲ್ಲರೂ ನೋಡುತ್ತಿದ್ದರು, ಮೊಬೈಲೂ ನೋಡುತ್ತಿತ್ತು. ಒಂದು ಇಡೀ ಕಚೇರಿಯನ್ನು ನಡುಗಿಸಿದ ಮನುಷ್ಯ ಜೋಳದ ಹಿಟ್ಟಿನ ಎದುರು ಚಕ್ಕಳಮಕ್ಕಳ ಹಾಕಿ ಕುಳಿತ.

ಕಾಕು ಕುರ್ಚಿಯಿಂದಲೇ ಹೇಳಿಕೊಡುತ್ತಿದ್ದಳು. ಕುದಿಯುವ ನೀರು ಹಾಕಬೇಕು, ಹಿಟ್ಟು ಬಿಸಿಯಿರುವಾಗಲೇ ನಾದಬೇಕು. ಅಣ್ಣ ಬೆರಳು ಸುಟ್ಟುಕೊಂಡ. ಅಂಗೈಯಿಂದ ಬಡಿಯುತ್ತ ತಿರುಗಿಸಬೇಕು. ಮೊದಲ ರೊಟ್ಟಿ ದೇಶದ ನಕಾಶೆಯಂತಾಗಿ ನಡುವೆ ಹರಿಯಿತು. ಎರಡನೆಯದು ಹಂಚಿಗೆ ಹಾಕುವಾಗ ಎರಡು ತುಂಡಾಯಿತು. ಹೊಗೆಯಿಂದ ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಇರಲಿ, ಹರಿದರೂ ನಡೆಯುತ್ತದೆ ಎಂದಳು ಕಾಕು. ಮುಟಗಿ ಮಾಡುತ್ತಿದ್ದದ್ದೇ ಹರಿದ ರೊಟ್ಟಿಯಿಂದ. ಆಗಿನ ಕೂಡುಕುಟುಂಬಕ್ಕೆ ದಿನಾ ನಲವತ್ತು ರೊಟ್ಟಿ ಬಡಿಯುವಾಗ ನಾಲ್ಕೈದು ಹರಿಯುತ್ತಿದ್ದವು. ಗಂಡಸರ ತಾಟಿಗೆ ಹರಿದದ್ದು ಹಾಕಿದರೆ ನಮ್ಮಜ್ಜ ತಾಟು ಸರಿಸಿ ಎದ್ದುಹೋಗುತ್ತಿದ್ದನಂತೆ. ಅದನ್ನು ಕುಟ್ಟಿ ಉಂಡೆ ಮಾಡಿ ಮಕ್ಕಳ ಕೈಗೆ ಕೊಟ್ಟರೆ ಮಕ್ಕಳೂ ಖುಷಿ, ರೊಟ್ಟಿಯೂ ಕಣ್ಮರೆ.

ನಾನು ಬಾಗಿಲಿಗೆ ಒರಗಿ ನಗುತ್ತಿದ್ದೆ. ಕಾಕು ಕಪ್ಪು ಕನ್ನಡಕವನ್ನು ನನ್ನ ಕಡೆ ತಿರುಗಿಸಿದಳು.

“ನೀ ಯಾಕ ನಗ್ತಿ? ನೀ ಬರದಿದ್ದು ಓದೀನಿ. ಛಂದ್ ಬರದಿ. ರೊಟ್ಟಿ ಯಾರ್ ಬಡದಾರ ಅನ್ನೋದಷ್ಟೇ ತಪ್ಪಾಗ್ಯದ.”

ನನ್ನ ನಗು ಎಲ್ಲಿ ಹೋಯಿತೋ. ಎರಡು ವರ್ಷದ ಹಿಂದೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾನು ಅವ್ವನ ಮುಟಗಿಯ ಮೇಲೆ ಒಂದು ಲೇಖನ ಬರೆದಿದ್ದೆ. ಬಳೆಯ ಸದ್ದು, ಒಲೆಯ ಬೆಳಕು, ಅವ್ವನ ಹಣೆಯ ಬೆವರು ಎಲ್ಲ ಇತ್ತು. ಸಹೋದ್ಯೋಗಿಗಳು ಕಣ್ಣೊರೆಸಿಕೊಂಡಿದ್ದರು. ಹೆಮ್ಮೆಯಿಂದ ಒಂದು ಪ್ರತಿಯನ್ನು ಕಮಲಾಪುರಕ್ಕೂ ಕಳಿಸಿದ್ದೆ.

ಆದರೆ ನಮ್ಮವ್ವನಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅವಳು ಅನ್ನ ಉಣ್ಣುವ ಸೀಮೆಯಿಂದ ಬಂದವಳು. ಅವಳು ಬಡಿದ ರೊಟ್ಟಿಯನ್ನು ಎಮ್ಮೆಯೂ ಯೋಚಿಸಿ ತಿನ್ನುತ್ತಿತ್ತು. ಇದು ನನಗೆ ಗೊತ್ತಿತ್ತು. ಒಲೆಯ ಮುಂದೆ ಕೂತಿರುತ್ತಿದ್ದದ್ದು ಕಾಕು, ಆ ಬಳೆ ಕಾಕುವಿನದು, ಆ ಬೆವರೂ ಅವಳದೇ. ಬರೆಯುವಾಗ ಮಾತ್ರ ಕೈ ತಾನಾಗಿ ಅವ್ವ ಎಂದು ಬರೆಯಿತು. ಏಕೆಂದರೆ ಅವ್ವ ಎಂದರೆ ಓದುವವರು ಅಳುತ್ತಾರೆ, ಚಿಕ್ಕಪ್ಪನ ಹೆಂಡತಿ ಎಂದರೆ ಅಳುವುದಿಲ್ಲ. ಅಣ್ಣ ಬಡಿಗನ ಚಿನ್ನಿಯನ್ನು ಜೇಬಿಗೆ ಹಾಕಿಕೊಂಡಿದ್ದ. ನಾನು ಒಬ್ಬ ಹೆಂಗಸಿನ ಇಪ್ಪತ್ತು ವರ್ಷದ ರೊಟ್ಟಿಯನ್ನು ಹಾಕಿಕೊಂಡಿದ್ದೆ, ಅದೂ ಜೇಬೇ ಇಲ್ಲದ ಸೀರೆ ಉಟ್ಟುಕೊಂಡು.

ಯಾರೂ ಹೇಳದಿದ್ದರೂ ಹೋಗಿ ಒರಳಿನ ಮುಂದೆ ಕುಳಿತೆ. ಅಣ್ಣನ ಹರಿದ ರೊಟ್ಟಿಗಳನ್ನು ಹಾಕಿ ಕುಟ್ಟಿದೆ. ತೋಳು ನೋವು ಬಂತು, ಎಣ್ಣೆ ಇಳಕಲ್ಲಿನ ಸೆರಗಿಗೆ ಬಿತ್ತು. ಉಂಡೆ ಕಟ್ಟಿ ಕಾಕುವಿನ ಕೈಗೆ ಕೊಟ್ಟೆ. ಅವಳು ಅವಸರವಿಲ್ಲದೆ ತಿಂದಳು. ನಾವಿಬ್ಬರೂ ಪರೀಕ್ಷೆ ಬರೆದ ಹುಡುಗರ ಹಾಗೆ ಎದುರು ನಿಂತಿದ್ದೆವು. ಒಂದು ಮಗ್ಗಲು ಹಸಿಯಿದೆ, ಬೆಳ್ಳುಳ್ಳಿ ಹೆಚ್ಚಾಗಿದೆ ಎಂದಳು. ಆದರೂ ಪೂರ್ತಿ ತಿಂದಳು. ಕೈಗೆ ಅಂಟಿದ್ದನ್ನೂ ಬಿಡಲಿಲ್ಲ. ಆಮೇಲೆ ಇನ್ನೊಂದು ಇದೆಯೇ ಎಂದು ಕೇಳಿದಳು.

ಇನ್ನೊಂದು ಇರಲಿಲ್ಲ. ವೈನಿ ಡಿಕ್ಕಿಯಿಂದ ಪಲಾವಿನ ಡಬ್ಬಿ ಇಳಿಸಿದಳು. ಅಣ್ಣ ಎರಡು ಸಲ ಹಾಕಿಸಿಕೊಂಡು ಉಂಡ. ಹೊರಡುವಾಗ ಕಾಕುವಿನ ಮಗ ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನು ಕಾರಿನಲ್ಲಿಟ್ಟ. ದಾರಿಯುದ್ದಕ್ಕೂ ಮಣ್ಣಿನ ವಾಸನೆಯ ಸುದ್ದಿ ಬರಲಿಲ್ಲ.

ಎರಡು ದಿನ ಬಿಟ್ಟು ವಿಡಿಯೊ ಗುಂಪಿಗೆ ಬಂತು. ಅಣ್ಣ ರೊಟ್ಟಿ ಬಡಿಯುವುದು, ಹೊಗೆ, ಕಣ್ಣೀರು ಎಲ್ಲ ಇತ್ತು. ಕಾಕು ಮಾತಾಡಿದ ಕಡೆಯಲ್ಲೆಲ್ಲ ಕೊಳಲಿನ ಸಂಗೀತ ಹಾಕಿಸಿದ್ದ. ಕೆಳಗೆ, ಅವ್ವನ ನೆನಪಲ್ಲಿ ನಾನೇ ಮಾಡಿದ ಮುಟಗಿ ಎಂದು ಬರೆದಿದ್ದ. ಊರೂರಿನ ನೆಂಟರೆಲ್ಲ ಹೊಗಳಿದರು. ನಾನೂ ಎರಡು ಕೈ ಜೋಡಿಸಿದ ಚಿತ್ರ ಹಾಕಿದೆ. ಧೈರ್ಯದ ವಿಷಯದಲ್ಲಿ ನಮ್ಮ ಮನೆತನ ಒಂದೇ.

ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಮುಂದಿನ ರಜೆಯ ದಿನ ಒಬ್ಬಳೇ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಕ್ಷಮೆ ಕೇಳಬೇಕೆಂದು ದಾರಿಯಲ್ಲಿ ನಾಲ್ಕು ಸಾಲು ಜೋಡಿಸಿಕೊಂಡಿದ್ದೆ. ಅವೂ ಸ್ವಲ್ಪ ಲೇಖನದಂತೆಯೇ ಇದ್ದವು. ಕಾಕು ಹೊರಗೆ ಬಿಸಿಲಿನಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದಳು. ನನ್ನ ಸಾಲುಗಳನ್ನು ಅರ್ಧಕ್ಕೇ ನಿಲ್ಲಿಸಿ, ಆ ಮೊರವನ್ನು ಇತ್ತ ಕೊಡು ಎಂದಳು. ಮೊರ ಕೊಟ್ಟೆ. ಪಕ್ಕದಲ್ಲಿ ಕುಳಿತು ನಾನೂ ಕಲ್ಲು ಆರಿಸತೊಡಗಿದೆ.

ಸ್ವಲ್ಪ ಹೊತ್ತಿನ ಮೇಲೆ, ಆ ಲೇಖನವನ್ನು ಮಗ ಓದಿ ಹೇಳಿದನೇ ಎಂದು ಕೇಳಿದೆ. ಕಾಕು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ ಎಂದು ನಾನು ತಿಳಿದಿದ್ದೆ.

“ಅವ ಯಾಕ ಓದ್ತಾನ? ನಾನೇ ಓದೀನಿ,” ಎಂದಳು. “ನಿಮ್ಮವ್ವ ಕಲಿಸ್ಯಾಳ. ಮಧ್ಯಾಹ್ನ ನೀವೆಲ್ಲ ಆಡಾಕ ಹೋದ ಮ್ಯಾಲ ಬಾಗಲಾ ಹಾಕ್ಕೊಂಡು, ಉಳಿದ ಹಿಟ್ಟು ನೆಲಕ್ಕ ಹರವಿ, ಅದರಾಗ ಬೆರಳಿಂದ ಬರಸ್ತಿದ್ಳು. ಆಕಿ ಪಾಲಿನ ರೊಟ್ಟಿ ನಾ ಬಡೀಬೇಕು, ನನಗ ಆಕಿ ಅಕ್ಷರ ಕಲಿಸ್ಬೇಕು ಅಂತ ಮಾತಾಗಿತ್ತು.”

ಎಷ್ಟು ದಿನ ನಡೆಯಿತು ಎಂದೆ. ಎರಡು ಮಳೆಗಾಲ ಎಂದಳು. ಗಂಡಸರಿಗೆ ಗೊತ್ತಾಗಲಿಲ್ಲವೇ ಎಂದೆ. ಅವರಿಗೆ ರೊಟ್ಟಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತಲ್ಲ, ಮತ್ತೇನು ಗೊತ್ತಾಗಬೇಕು ಎಂದಳು.

ನಾನು ಅವ್ವನ ಬಗ್ಗೆ ಎಂಟು ಪುಟ ಬರೆದಿದ್ದೆ. ಅವಳಿಗೆ ಬಾರದ ಕೆಲಸವನ್ನು ಅವಳ ಹೆಸರಿಗೆ ಹಚ್ಚಿ ಜನರನ್ನು ಅಳಿಸಿದ್ದೆ. ಅವಳು ನಿಜವಾಗಿ ಮಾಡಿದ ಕೆಲಸ ಮುಚ್ಚಿದ ಬಾಗಿಲ ಹಿಂದೆ ನಡೆದಾಗ, ನಾನು ಮುಳ್ಳುಕಂಟಿಯಲ್ಲಿ ಅಣ್ಣನ ಚಿನ್ನಿ ಹುಡುಕುತ್ತಿದ್ದೆ.

ಮಧ್ಯಾಹ್ನ ಕಾಕುವಿನ ಸೊಸೆ ಮೆತ್ತಗೆ ಬೇಯಿಸಿದ ಅನ್ನ, ಬೇಳೆ ಸಾರು ಬಡಿಸಿದಳು. ಹಲ್ಲು ಹೋದ ಮೇಲೆ ಕಾಕು ಇದನ್ನೇ ಇಷ್ಟಪಡುತ್ತಾಳಂತೆ. ಬೇರೆಯವರು ಮಾಡಿ ಹಾಕಿದ್ದು ಏನಿದ್ದರೂ ರುಚಿ ಎಂದಳು. ಉಂಡು, ತೊಗರಿಯ ಕೆಲಸ ಮುಗಿಸಿ, ಐದು ಗಂಟೆಯ ಬಸ್ಸಿಗೆ ಹೊರಟೆ. ಬಾಗಿಲವರೆಗೂ ಬಂದ ಕಾಕು, ಮುಂದಿನ ಸಲ ಬರುವಾಗ ದೊಡ್ಡ ಅಕ್ಷರದ ಪುಸ್ತಕ ಎರಡು ತಾ ಎಂದಳು. ಎಂಥವು ಬೇಕು ಎಂದು ಕೇಳಿದೆ.

“ಯಾವುದಾದ್ರೂ ನಡೀತದ,” ಎಂದಳು. “ನೀ ಬರದಿದ್ದು ಮಾತ್ರ ಬ್ಯಾಡ.”