ಬಾಡಿಗೆಯಿಲ್ಲದ ಸರಕು

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಕೊಬ್ಬರಿ ಒಣಗಿದೆಯೋ ಇಲ್ಲವೋ ಎಂದು ನೋಡಲು ಅದನ್ನೇ ಗಿಟುಕಿನ ಅಂಚಿಗೆ ಒತ್ತುತ್ತಿದ್ದರು. ಒತ್ತಿ, ಮೂಸಿ, "ಇನ್ನೆರಡು ಬಿಸಿಲು ಬೇಕು ಕಣಪ್ಪ ಇದಕ್ಕೆ" ಎಂದು ತಂದವನ ಕೈಗೇ ಹಿಂದಿರುಗಿಸುವರು. ಮಾತಿನ ಭರದಲ್ಲಿ ಅದೇ ಹೆಬ್ಬೆರಳು ಎದುರಿಗಿದ್ದವರ ಎದೆಗೂ ಒತ್ತಿಕೊಳ್ಳುತ್ತಿತ್ತು. ಬಿ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಹಳೇಬೀಡಿಗೆ ಮರಳಿದ್ದ ನನ್ನ ಬಿಳಿ ಅಂಗಿಗಳ ಮೇಲೆಲ್ಲ ಅದರ ಜಿಡ್ಡಿನ ಗುರುತಿತ್ತು. ಒಗೆಯುವಾಗ ಅಮ್ಮ ಗೋಡೆಯಾಚೆಗೆ ಕೇಳುವಂತೆ ಗೊಣಗುತ್ತಿದ್ದಳು.

ಗೋಡೆಯಾಚೆಯವರು ಕೊಬ್ಬರಿ ಸಾಹುಕಾರರು, ಬಸದಿಗೆ ತಪ್ಪದೆ ನಡೆದುಕೊಳ್ಳುವ ಜೈನರು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಬಿಯೆಸ್ಸಿ", ಅಷ್ಟೇ.

ಅವರ ಕಾರು ಹಸಿರು ಬಣ್ಣದ್ದು ಎಂದು ಬರೆಯಲು ಹೊರಟಿದ್ದೆ. ನನ್ನ ತಂಗಿ ಬೂದು ಎನ್ನುತ್ತಾಳೆ. ಅವಳು ಆಗ ಚಿಕ್ಕವಳು, ನಿಜ. ಆದರೆ ದೊಡ್ಡವನ ಕಣ್ಣೇ ಹೆಚ್ಚು ಸರಿ ಎಂಬುದಕ್ಕೆ ಆಧಾರವೇನು? ಬಣ್ಣ ಬಿಡೋಣ. ಎರಡೇ ಸೀಟಿನ, ಉದ್ದ ಮೂತಿಯ, ಬಾಲ ಚೂಪಾದ ಹಳೆಯ ರೇಸಿನ ಕಾರು ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿದೆ. ಅರೇಹಳ್ಳಿ ಕಡೆಯ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಯಾರೂ ಕೊಳ್ಳದೆ ಉಳಿದದ್ದು, ಇವರಿಗೆ ಅಗ್ಗಕ್ಕೆ ಸಿಕ್ಕಿತು.

ಅದು ಶೋಕಿಗೆ ಬಂದದ್ದಲ್ಲ. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬ ಜೈನರ ನಿಯಮವನ್ನು ಸಾಹುಕಾರರು ಕಟ್ಟುನಿಟ್ಟಾಗಿ ನಡೆಸುತ್ತಿದ್ದರು. ನಾವೆಲ್ಲ ಅಕ್ಕ ಎನ್ನುತ್ತಿದ್ದ ಅವರ ಹೆಂಡತಿ ಅದಕ್ಕೆ ತಮ್ಮದೂ ಒಂದು ಕಟ್ಟು ಸೇರಿಸಿದ್ದರು: ಗಂಡ ಮನೆಗೆ ಬಂದು ಉಂಡೆದ್ದ ಮೇಲೆಯೇ ತಮ್ಮ ಊಟ. ಅರಸೀಕೆರೆಯಲ್ಲಿ ಕೊಬ್ಬರಿ ಹರಾಜಿನ ದಿನ ಸಾಹುಕಾರರು ಬಾಣಾವರ, ಜಾವಗಲ್ ದಾಟಿ ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಇಬ್ಬರೂ ಹಸಿದೇ ಮಲಗುವರು. ಆ ವರ್ಷ ಅಕ್ಕ ವಿಷಮಶೀತ ಜ್ವರದಿಂದ ಎದ್ದಿದ್ದರು. ಬಳೆ ಮೊಣಕೈವರೆಗೆ ಜಾರುವಷ್ಟು ಬಡಕಲಾಗಿದ್ದರು. ಬೇಲೂರಿನ ಡಾಕ್ಟರು, ಈಕೆ ಒಂದು ಹೊತ್ತೂ ಹಸಿದಿರಕೂಡದು ಎಂದಿದ್ದರು. ಒಂದು ಹರಾಜಿನ ಮರುದಿನ ಬೆಳಿಗ್ಗೆ ಅಕ್ಕ ಬಾವಿಕಟ್ಟೆಯ ಬಳಿ ತಲೆಸುತ್ತಿ ಬಿದ್ದರು. ಅದೇ ವಾರ ಕಾರು ಬಂತು.

"ಬುತ್ತಿ ಕಟ್ಟಿಸಿಕೊಂಡು ಹೋಗಿ ಅಲ್ಲೇ ಉಂಡುಬಿಡಿ ಸಾಹುಕಾರ್ರೇ," ಎಂದೆ.

"ಮಾಡ್ನೋಡ್ದೆ ಕಣೋ. ನಾನು ಉಂಡೆ, ಅವ್ಳು ಉಣ್ಣಲಿಲ್ಲ. ಕಣ್ಣಾರೆ ನೋಡಿಲ್ವಲ್ಲ ಅಂದ್ಲು."

ಅಕ್ಕನನ್ನೂ ಕೇಳಿದೆ, ಇದು ಯಾವ ಶಾಸ್ತ್ರದಲ್ಲಿದೆ ಎಂದು.

"ನಿಂಗೆ ಮದ್ವೆ ಆಗ್ಲಿ ಕಣಪ್ಪ, ಆಮೇಲೆ ಶಾಸ್ತ್ರ ಮಾತಾಡಣ," ಎಂದು ಒಳಗೆ ಹೋದರು.

ಕಾರೇನೋ ಬಂತು, ಆದರೆ ಅದರ ಎದೆ ಸೋತಿತ್ತು. ಏರು ಸಿಕ್ಕಿದರೆ ಕೆಮ್ಮಿ ನಿಲ್ಲುತ್ತಿತ್ತು. ಮೊದಲ ಸಲ ಎತ್ತಿನ ಗಾಡಿಯವನೊಬ್ಬ, "ಹಗ್ಗ ಕಟ್ಲಾ ಸಾಹುಕಾರ್ರೇ?" ಎಂದು ಕೇಳಿದನಂತೆ.

ತೂಕದ ವಿಚಾರ ಹೊಳೆದದ್ದು ಧರ್ಮದಿಂದ. ಕಾರಿನ ಸೀಟು ಚರ್ಮದ್ದು. ಅದರ ಮೇಲೆ ಕೂರಲು ಅವರಿಗೆ ಮನಸ್ಸೊಗ್ಗಲಿಲ್ಲ. ಕೆಲವು ದಿನ ಚಾಪೆ ಹಾಸಿಕೊಂಡರು. ಆಮೇಲೆ ಸ್ಪ್ರಿಂಗ್ ಸಮೇತ ಕೀಳಿಸಿ, ಬೇಲೂರಿನ ಮೇದರವನಿಂದ ಬಿದಿರಿನ ಸೀಟು ಹೆಣೆಸಿದರು. ಆ ವಾರ ಕಾರು ಬಾಣಾವರದ ಕಡೆಯ ಏರನ್ನು ಗೊಣಗದೆ ಹತ್ತಿತು. ಸಾಹುಕಾರರಿಗೆ ಅನುಮಾನ ಬಂದು, ಕಿತ್ತ ಸೀಟುಗಳನ್ನು ಕೊಬ್ಬರಿ ತೂಗುವ ದೊಡ್ಡ ತಕ್ಕಡಿಗೆ ಹಾಕಿಸಿದರು. ಅರ್ಧ ಮೂಟೆ ಕೊಬ್ಬರಿಗೆ ಸಮ ನಿಂತವು. ಅವರ ಮುಖ ಕೆಂಪಗಾಯಿತು.

"ನೋಡ್ಲಾ ಬಿಯೆಸ್ಸಿ! ಹೋಗ್ತಾ ಬತ್ತಾ ಅರ್ಧ ಮೂಟೆ ಹೊತ್ತಿದೀನಿ. ಬಾಡಿಗೆ ಇಲ್ದೆ!"

ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಅಂದಿನಿಂದ ಅವರು ಆ ಕಾರನ್ನು ಸುಂಕದ ಕಟ್ಟೆಯವನಂತೆ ಸುತ್ತತೊಡಗಿದರು. ಹಿಂಬದಿಯ ಕಬ್ಬಿಣದ ಚೌಕಟ್ಟು ಹೋಯಿತು. ಅಕ್ಕ ಅದರ ಮೇಲೆ ಹಪ್ಪಳ ಒಣಗಿಸಿದರು. ಕಾಲಿಟ್ಟು ಹತ್ತುವ ಹಲಗೆಗಳು ಅಂಗಡಿಯ ಗೋಡೆ ಸೇರಿದವು. ಮಡಚುವ ಟಾಪು ಕಮಾನಿನ ಸಮೇತ ಮೇದರವನ ಗಾಡಿಗೆ ಹೋಯಿತು. ಹೆಚ್ಚಿಗೆ ಇದ್ದ ಒಂದು ಹಾರನ್ನನ್ನು ನಮ್ಮ ಅಪ್ಪನ ಶಾಲೆಗೆ ಕೊಟ್ಟರು. ಅಪ್ಪ ಅದನ್ನು ಗಂಟೆಯ ಬದಲು ಒತ್ತಿಸಿದಾಗ ಮಕ್ಕಳು ಬಸ್ಸು ಬಂತೆಂದು ರಸ್ತೆಗೆ ಓಡಿದರು.

ಹೋಟೆಲಿನವನು ಬಾಗಿಲಲ್ಲಿ ನಿಂತು ನೋಡಿ ನೋಡಿ ಒಂದು ದಿನ ಕೇಳಿಯೇಬಿಟ್ಟ: "ಏನ್ ಸಾಹುಕಾರ್ರೇ, ಕಾರಿಗೂ ದಿಗಂಬರ ದೀಕ್ಷೆ ಕೊಡ್ಸಿಬಿಟ್ರಾ?"

ಅಲ್ಲಿದ್ದ ನಾವೆಲ್ಲ ಅವರ ಮುಖ ನೋಡಿದೆವು. ಸಾಹುಕಾರರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಇನ್ನೂ ಲಂಗೋಟಿ ಐತೆ ಕಣಯ್ಯ. ಆತುರಪಡಬೇಡ!"

ನಾನೂ ನನ್ನ ಓದು ಬಳಸಲು ನೋಡಿದೆ. ರೇಸಿನವರು ಅಡಿಯ ಉಕ್ಕಿನ ಚೌಕಟ್ಟಿಗೇ ಸಾಲಾಗಿ ತೂತು ಕೊರೆದು ಹಗುರ ಮಾಡುತ್ತಾರೆ ಎಂದು ಕಾಲೇಜಿನ ಲೈಬ್ರರಿಯಲ್ಲಿ ಓದಿದ್ದೆ. ಹೇಳಿದೆ. ಹೆಬ್ಬೆರಳು ನನ್ನ ಎದೆಗೆ ಬಂತು.

"ನಿಲ್ಸೋದು, ತಿರುಗ್ಸೋದು, ಹೊರೋದು. ಈ ಮೂರರ ತಂಟೆಗೆ ಹೋಗಂಗಿಲ್ಲ. ಮನೆ ಹಗುರ ಆಗ್ಲಿ ಅಂತ ತೊಲೆಗೆ ಗೆದ್ದಲು ಬಿಡ್ತಾರೇನೋ?"

ಹಾಗಾದರೆ ಮೈಗೆ ಅಲ್ಯುಮಿನಿಯಂ ತಗಡು ಹೊದಿಸಬಹುದು ಎಂದೆ.

"ತರೋಕೆ ಕಾಸು ಬೇಕು. ತೆಗೆಯೋಕೆ ಬೇಡ."

ಈ ಕೊನೆಯ ಮಾತನ್ನು ಅವರು ಹೀಗೇ ಆಡಿದರೋ, ಇಷ್ಟು ವರ್ಷಗಳಲ್ಲಿ ನಾನೇ ತೀಡಿ ಚುರುಕು ಮಾಡಿದೆನೋ, ಹೇಳಲಾರೆ. ಗೆದ್ದಲಿನ ಮಾತು ಮಾತ್ರ ಅವರದೇ. ನನಗೆ ಅಂಥದು ಹೊಳೆಯುವುದಿಲ್ಲ.

ಹರಾಜಿನ ದಿನಗಳಲ್ಲಿ ಅಪ್ಪನ ಗಡಿಯಾರ ಹಿಡಿದು ನಾನು ಅವರ ಪಕ್ಕದ ಬಿದಿರು ಸೀಟಿನಲ್ಲಿ ಕೂತಿರುತ್ತಿದ್ದೆ. ಸಂಜೆ ಬರುವಾಗ ಸೂರ್ಯ ಎದುರಿಗೇ ಇಳಿಯುತ್ತಿದ್ದ. ಸಾಹುಕಾರರು ಒಂದು ಕೈ ಹುಬ್ಬಿಗೆ ಅಡ್ಡ ಹಿಡಿದು, "ತಡಿಯೋ, ತಡಿಯೋ" ಎಂದು ಅವನನ್ನು ಗದರಿಸುತ್ತ ಓಡಿಸುವರು. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಬೇಗ ಬರುತ್ತಿದ್ದೆವು. ಪ್ರತಿ ಸಲವೂ ಅವನೇ ಗೆಲ್ಲುತ್ತಿದ್ದ.

ಕೊನೆಗೆ ಎದುರಿನ ಗಾಜು ತೆಗೆದೆವು. ದಪ್ಪ ಗಾಜು, ಹಿತ್ತಾಳೆಯ ಕಟ್ಟು. ತಕ್ಕಡಿ ಚೆನ್ನಾಗಿಯೇ ಬಾಗಿತು. ಅಂದು ನಾವು ಊರು ಸೇರಿದಾಗ ಗೋಡೆಗಳ ಮೇಲೆ ಬಿಸಿಲಿತ್ತು. ನಾನು ಕೂಗಿಕೊಂಡು ಒಳಗೆ ಓಡಿದೆ. ಅಕ್ಕ ಎಲೆ ಹಾಕಿದರು. ಸಾಹುಕಾರರು ಬರಲಿಲ್ಲ. ಹೊರಗೆ ಬಂದು ನೋಡಿದರೆ ಬಾಗಿಲಲ್ಲೇ ನಿಂತಿದ್ದಾರೆ. ಜಾವಗಲ್ ಕೆರೆಯ ಏರಿಯ ಬಳಿ ಸಂಜೆಯ ಹುಳುಗಳ ಹಿಂಡಿನೊಳಗೆ ನುಗ್ಗಿ ಬಂದಿದ್ದೆವು, ತಡೆಯಲು ಗಾಜಿರಲಿಲ್ಲ. ಅವರ ಹಣೆ, ಮೀಸೆ, ಅಂಗಿಯ ಎದೆ, ಎಲ್ಲ ಕಡೆ ಸತ್ತ ಹುಳು. ಒಂದೊಂದನ್ನೇ ಉಗುರಿನಿಂದ ಬಿಡಿಸಿ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದರು.

"ಇಷ್ಟು ಜೀವ ತೆಗೆದು ಬಂದು ಹೆಂಗೋ ಉಣ್ಣಲಿ?"

ಸೂರ್ಯ ಮೇಲೆ ಕಾದೇ ಇದ್ದ. ಅವರು ಉಣ್ಣಲಿಲ್ಲ. ಅಕ್ಕ ಎಲೆ ಎತ್ತಿ, ಗೋಡೆ ಹಿಡಿದುಕೊಂಡು ಒಳಗೆ ನಡೆದರು.

ಮರುದಿನ ಗಾಜು ಮರಳಿ ಕಾರಿಗೆ ಬಂತು. ಅಷ್ಟು ತೂಕ ಈಗ ಬೇರೆಲ್ಲಿಂದಲಾದರೂ ಇಳಿಯಬೇಕು. ಪೆಟ್ರೋಲೂ ತೂಕವೇ, ತುಂಬಿದ ಡಬ್ಬಗಳನ್ನು ಹೊತ್ತು ತರುವ ಬದಲು ದಾರಿಗೆ ಬೇಕಾದಷ್ಟೇ ಹಾಕಿಕೊಳ್ಳಿ ಎಂದೆ. ಒಪ್ಪಿದರು. ಒಪ್ಪಿದ ಮೇಲೂ ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡುತ್ತ ಕೂತರು.

"ಬಾ ಇಲ್ಲಿ. ಹತ್ತು."

ತಕ್ಕಡಿ ಹತ್ತಿದೆ. ಆ ಕಡೆ ತುಂಬಿದ ಮೂಟೆ ಇಟ್ಟರು. ಮೂಟೆ ಮೇಲೆ ಹೋಯಿತು, ನಾನು ಕೆಳಗೇ ಉಳಿದೆ.

"ಥೂ ನಿನ್ನ! ಇಷ್ಟು ದಿನ ಪಕ್ಕದಲ್ಲೇ ಕೂತಿತ್ತಲ್ಲೋ ಸರಕು!"

"ಮತ್ತೆ ಹೊತ್ತು ನೋಡೋರು ಯಾರು?"

"ಅವ್ನು ಎದುರಿಗೇ ಇರ್ತಾನಲ್ಲೋ. ನೀನು ಮನೇಲಿರು."

ಸಾಹುಕಾರರು ತೀರಿಕೊಂಡದ್ದು ಇದಾಗಿ ಕೆಲವು ವರ್ಷಗಳಿಗೆ, ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ. ನಾನು ಮೈಸೂರಿನಲ್ಲಿ ಪಾಠ ಹೇಳುತ್ತಿದ್ದೆ. ಸುದ್ದಿ ತಡವಾಗಿ ಮುಟ್ಟಿತು. ಕಾರು ಅದಕ್ಕೂ ಮೊದಲೇ ಹೋಗಿತ್ತು. ಪೆಟ್ರೋಲ್ ಸಿಗದೆ, ಇದ್ದಿಲ ಗ್ಯಾಸಿನಿಂದ ಓಡಿಸಲು ಎಲ್ಲರೂ ಕಾರಿನ ಬೆನ್ನಿಗೆ ಒಲೆ ಕಟ್ಟಿಸುತ್ತಿದ್ದ ಕಾಲ. "ಇಷ್ಟೆಲ್ಲ ಇಳ್ಸಿ ಈಗ ಒಲೆ ಹೊರ್ಲಾ?" ಎಂದು ಯಾರಿಗೋ ಕೊಟ್ಟುಬಿಟ್ಟರಂತೆ. ಈಚೆಗೆ ಒಮ್ಮೆ ಅರಸೀಕೆರೆಯಿಂದ ಬಸ್ಸಿನಲ್ಲಿ ಬರುವಾಗ ಗಡಿಯಾರ ನೋಡಿಕೊಂಡು ಕೂತೆ. ಹರಾಜು ಮುಗಿಯುತ್ತಿದ್ದ ಹೊತ್ತು, ಆಗಿನ ರಸ್ತೆ, ಆ ಕಾರು: ಎಷ್ಟು ಕೂಡಿ ಕಳೆದರೂ ಬಿಸಿಲಿರುವಾಗಲೇ ಊರು ಸೇರುವ ಲೆಕ್ಕ ಹೊಂದುವುದಿಲ್ಲ. ಆದರೆ ನಾನು ಮನೆಯಲ್ಲಿ ಉಳಿದ ಆ ಹರಾಜಿನ ಸಂಜೆ ನಡೆಯಿತು. ನಮ್ಮ ಎರಡು ಮನೆಗಳ ನಡುವಿನ ಗೋಡೆಯ ಮೇಲೆ ನಾನು ಕೂತಿದ್ದೆ.

ಬೇಲೂರಿನ ದಿಕ್ಕಿಗೆ ಸೂರ್ಯ ತೆಂಗಿನ ಸಾಲಿನ ತಲೆ ಮುಟ್ಟಿದ್ದ. ಕಾರಿನ ಸದ್ದು ಕೇಳಿತು. ಸಾಹುಕಾರರು ಸೀದಾ ಹಿತ್ತಿಲಿಗೇ ಬಂದರು, ಮೈತುಂಬ ಧೂಳು, ಒಂದು ಹುಳುವಿಲ್ಲ. ಬಾವಿಯ ನೀರು ಸುರಿದುಕೊಳ್ಳುತ್ತ ಕೂಗಿದರು:

"ಎರಡೆಲೆ ಹಾಕೇ!"

"ಇನ್ನೊಂದು ಯಾರಿಗೆ? ಗೋಡೆ ಮೇಲಿರೋನಿಗಾ?" ಅಕ್ಕ ಹೊರಗೆ ಬಂದರು.

"ನಿಂಗೆ ಕಣೇ!"

"ಅಯ್ಯೋ, ನಿಮ್ ಪಕ್ಕ ಕೂತ್ಕೊಂಡಾ? ನೀವು ಉಂಡೇಳಿ ಮೊದ್ಲು."

"ನಾನು ಉಂಡೇಳೋ ಹೊತ್ಗೆ ಅವ್ನು ಇರಲ್ಲ. ಆ ಕಾರಲ್ಲಿ ಕೀಳೋಕೆ ಇನ್ನೇನೂ ಉಳಿದಿಲ್ಲ ಕಣೇ. ಈಗ ನೀನು ನಿನ್ ಕಟ್ಟೊಂದು ಬಿಡು."

ಅಕ್ಕ ಆಕಾಶ ನೋಡಿದರು, ಗಂಡನನ್ನು ನೋಡಿದರು. ಎರಡೆಲೆ ಹಾಕಿ, ಅವರಿಗೆ ಬಡಿಸಿ, ತಮಗೂ ಬಡಿಸಿಕೊಂಡು ಹಿತ್ತಿಲ ಕಲ್ಲುಹಾಸಿನ ಮೇಲೆ ಪಕ್ಕದಲ್ಲಿ ಕೂತರು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

"ಬಿಯೆಸ್ಸಿ, ಐತೇನೋ?"

"ಪೂರ್ತಿ ಇದೆ ಸಾಹುಕಾರ್ರೇ!"

"ಈಗ?"

"ಅರ್ಧ ಇದೆ! ಅಕ್ಕ, ನಗೋದು ಬಿಟ್ಟು ಬೇಗ ಬೇಗ!"

"ನೀನು ಕೂಗ್ಬೇಡ ಕಣೋ, ನೆತ್ತಿಗೇರ್ತದೆ!"

ದಿಗಂತದಲ್ಲಿ ಕಾಣುವ ಸೂರ್ಯ ನಿಜಕ್ಕೂ ಅಲ್ಲಿರುವುದಿಲ್ಲ, ಆಗಲೇ ಇಳಿದಿರುತ್ತಾನೆ, ಗಾಳಿ ಬೆಳಕನ್ನು ಬಾಗಿಸಿ ನಮಗೆ ತೋರಿಸುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಬಂದವನು ನಾನು. ಗೋಡೆಯ ಮೇಲೆ ಅದೆಲ್ಲ ನೆನಪಿತ್ತು. ತೆಂಗಿನ ಬೊಡ್ಡೆಗಳ ಸಂದಿಯಲ್ಲಿ ಕೆಂಪು ಚೂರೊಂದು ಉಳಿದಿತ್ತು, ಅಥವಾ ಉಳಿದಿರಲಿ ಎಂದು ಬಯಸಿದೆನೋ. ಬೇರೆಲ್ಲ ನೆನಪುಗಳಿಗೆ ಪಾಟೀಸವಾಲು ಹಾಕುವ ನಾನು ಇದೊಂದನ್ನು ಕಟಕಟೆಗೆ ಕರೆದಿಲ್ಲ. "ಇದೆ! ಇನ್ನೂ ಇದೆ!" ಎಂದು ಕೂಗುತ್ತಲೇ ಇದ್ದೆ.

ಅಕ್ಕ ಮಜ್ಜಿಗೆ ಅನ್ನದ ಕೊನೆಯ ತುತ್ತು ಮುಗಿಸಿ ಕೈ ತೊಳೆದರು. ಸಾಹುಕಾರರು ಹೊಟ್ಟೆ ಸವರಿಕೊಳ್ಳುತ್ತ ಎದ್ದು, ಗೋಡೆಯ ಕೆಳಗೆ ಬಂದು ನಿಂತು ತಲೆ ಎತ್ತಿದರು.

"ಇಳಿಯೋ ಬಿಯೆಸ್ಸಿ," ಎಂದರು. "ಇನ್ನು ಅವ್ನು ಹೋಗ್ಲಿ."