ಮೇಣದ ಕಾಲು

ಕೀವಿನ ವಾಸನೆ ಮೂಗಿಗೆ ಅಂಟಿಕೊಂಡಿರುವಾಗ ನೀವು ಎಂದಾದರೂ ದೇವರಿಗೆ ಕೈಮುಗಿದಿದ್ದೀರಾ? ಇಲ್ಲವೇ? ಹಾಗಾದರೆ ನಿಮ್ಮ ಭಕ್ತಿಯನ್ನು ಇನ್ನೂ ಯಾರೂ ಪರೀಕ್ಷೆ ಮಾಡಿಲ್ಲ ಬಿಡಿ. ಫೋನಿನಲ್ಲಿ ಒಂದೇ ಬೆರಳಿನಿಂದ ಇದನ್ನು ಒತ್ತುತ್ತಿರುವಾಗಲೂ ನನಗೆ ಆ ನಾತ ಬಂದಂತಾಗುತ್ತದೆ.

ಗೋವಾದ ಬಾಯ್ನಾದಲ್ಲಿ ನಮ್ಮಂಥ ಕನ್ನಡದವರ ಸಮುದ್ರದಂಡೆಯ ಮನೆಗಳನ್ನು ಸರಕಾರ ಕೆಡವುವುದಕ್ಕೂ ಮುಂಚಿನ ಮಾತು. ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ನನ್ನ ಗಂಡನ ಕಾಲ ಮೇಲೆ ಕಬ್ಬಿಣದ ಸರಳಿನ ಕಟ್ಟು ಬಿತ್ತು. ಗಾಯ ಕೀವುಗಟ್ಟಿತು. ದಿನಾ ತೊಳೆಯಿರಿ, ವಾಸಿಯಾಗದಿದ್ದರೆ ಕಾಲು ತೆಗೆಯಬೇಕಾಗುತ್ತದೆ ಎಂದರು ಡಾಕ್ಟರು. ಕಾಲಿಲ್ಲದ ಹಮಾಲನನ್ನು ಯಾವ ಬಂದರು ಕರೆಯುತ್ತದೆ?

ಬಟ್ಟೆ ಬಿಚ್ಚಿದರೆ ಹಸಿರು ಕೀವು, ಅದರ ಮೇಲೆ ನೊಣ. ಅದಕ್ಕಿಂತ ಹೇಸಿಗೆ ಹುಟ್ಟಿಸಿದ್ದು ನೋಡಲು ಬಂದ ನಮ್ಮೂರ ಮಂದಿ. ಮೂಗಿಗೆ ಸೆರಗು ಹಿಡಿದು ಹೊಸ್ತಿಲಲ್ಲೇ ನಿಂತು, "ಕತ್ತರಿಸಿ ಒಗದ್ರ ಪಾಡಾಕ್ಕೈತಿ ತಗೋ," ಎನ್ನುವುದು, ಚಹಾ ಮಾತ್ರ ಬಿಡದೆ ಕುಡಿಯುವುದು. ಥೂ!

ಒಳಗೆ ಕಾಲಿಟ್ಟವಳು ಪಕ್ಕದ ಮನೆಯ ಕ್ರೈಸ್ತ ಮುದುಕಿ ಒಬ್ಬಳೇ. ಮೀನು ಮಾರುತ್ತಿದ್ದಳು, ನಾವು ಮಾಯಿ ಎನ್ನುತ್ತಿದ್ದೆವು. ನಮ್ಮ ನಡುವೆ ಇದ್ದು ಇದ್ದು ನಮ್ಮ ಮಾತನ್ನೇ ಕಲಿತಿದ್ದಳು. ಅವಳ ಕೈಯ ಬಂಗಡೆ ವಾಸನೆಯೂ ನನಗೆ ಆಗುತ್ತಿರಲಿಲ್ಲ. ಆ ಕೈಯಿಂದಲೇ ಪ್ರಾರ್ಥನೆ ಗುನುಗುತ್ತ ಉಪ್ಪುನೀರಿನಲ್ಲಿ ಹುಣ್ಣು ತೊಳೆದಳು.

"ನಿಮಗ ಹೇಸಿಗಿ ಬರೂದಿಲ್ಲೇನ್ರಿ ಮಾಯಿ?"

"ಬರ್ತೈತಿ. ಯೇಸು ಕುಷ್ಠದವರನ್ನ ಮುಟ್ಟಿದಾಗ ಮೂಗು ಹಿಡ್ಕೊಂಡಿದ್ನೇನು? ಆ ಬಟ್ಟಿ ಕೊಡು ಇತ್ತ."

ಕಾಲುನೋವಿನವರು ಹರಕೆಯೆಂದು ಚರ್ಚಿಗೆ ಮೇಣದಲ್ಲಿ ಮಾಡಿದ ಕಾಲು ಒಪ್ಪಿಸುತ್ತಾರೆ ಎಂದೂ ಅವಳೇ ಹೇಳಿದ್ದು. ಹೇಗೆ ಎಂದು ಕೇಳದೆ ನಾನು ಒಂದು ಕಾಲು ಕೊಂಡೆ. ಸುಮ್ಮನೆ ಇಟ್ಟು ಬಂದರೆ ಅದೆಂಥ ಪೂಜೆ? ಅರಿಶಿನ ಕುಂಕುಮ ಹಚ್ಚಿ, ಚರ್ಚಿನ ಅಂಗಳದ ಶಿಲುಬೆಯ ಬುಡದಲ್ಲಿಟ್ಟು, ಹೆಬ್ಬೆರಳ ಮೇಲೆ ಕರ್ಪೂರ ಹಚ್ಚಿದೆ. ಐದೂ ಬೆರಳು ಕರಗಿ, ಹಳದಿ ಕೆಂಪು ಗಂಜಿಯಾಗಿ ಹರಿಯಿತು. ಮನೆಯಲ್ಲಿ ದಿನಾ ನೋಡುತ್ತಿದ್ದುದೇ ಇಲ್ಲೂ!

"ಗಂಡನ ಕಾಲು ತಾನ ಸುಟ್ಲು ನೋಡ್ರೆವ್ವಾ!" ನಮ್ಮ ಓಣಿಯವಳೊಬ್ಬಳು ಕಿಸಿಕಿಸಿ ನಕ್ಕಳು. ಕಾಲು ಹೋಯಿತೆಂದು ನಾನು ಅಲ್ಲೇ ಕುಸಿದು ಅತ್ತೆ.

ಮಾಯಿ ಬಂದು ಮೀನಿನ ಚೂರಿಯಿಂದ ಮೇಣ ಕೆರೆದು ತೆಗೆದಳು. "ದೇವರು ಮೇಣ ನೋಡಿ ಕಾಲು ಕೊಡ್ತಾನೇನು? ಬಾಯಿ ಬಿಟ್ಟು ಕೇಳು."

"ನನಗ ಕೊಂಕಣಿ ಪ್ರಾರ್ಥನಾ ಬರೂದಿಲ್ಲ."

"ಅಳಾಕ ಯಾವ ಭಾಷಾ ಬೇಕ?"

ಸಿಟ್ಟಿನಲ್ಲೇ ಕೇಳಿದೆ: "ನನ್ನ ಗಂಡನ ಕಾಲು ಉಳಿಸಪಾ ಯೇಸು. ಆಗಲಿಲ್ಲಂದ್ರ ಈ ನಾತದಾಗ ನೀನೂ ಬಂದು ಕುಂಡ್ರು."

ಆಕಾಶವೇನೂ ಬಿರಿಯಲಿಲ್ಲ. ಆದರೆ ಮನೆಗೆ ಬಂದಾಗ, ಮೂಗು ಮುಚ್ಚಿಕೊಳ್ಳದ ಯಾರೋ ಒಬ್ಬರು ಆ ಕೋಣೆಯಲ್ಲಿ ಕೂತಿದ್ದಾರೆ ಅನ್ನಿಸಿತು. ಅಂದಿನಿಂದ ಹುಣ್ಣನ್ನು ನಾನೇ ತೊಳೆದೆ. ಹೇಸಿಗೆ ಹೋಗಲಿಲ್ಲ, ಕೈ ನಿಲ್ಲಲಿಲ್ಲ. ಇವತ್ತಿಗೂ ಬೇಸರವಾದಾಗ ನಾನು ಮಾತಾಡುವುದು ಆ ಯೇಸುವಿನ ಜೊತೆಗೇ.

ಮಳೆಗಾಲ ಕಳೆಯುವಷ್ಟರಲ್ಲಿ ಗಾಯ ಒಣಗಿತು. ಕತ್ತರಿಸುವುದು ಬೇಡ ಎಂದರು ಡಾಕ್ಟರು. ನಾನು ಬೀಗುತ್ತ ಹೋಗಿ, "ನೋಡಿದ್ರ್ಯಾ ಮಾಯಿ, ನನ್ನ ಕರ್ಪೂರಕ್ಕ ನಿಮ್ಮ ದೇವರು ಒಲಿದ!" ಎಂದೆ.

ಮಾಯಿ ಬಂಗಡೆಯ ಹೊಟ್ಟೆ ಸೀಳುತ್ತ, ತಲೆ ಎತ್ತದೆ ಹೇಳಿದಳು: "ಒಲಿಯೂದೆಲ್ಲಿಂದ ಬಂತು? ನಿನ್ನ ಹೊಗಿ ತಡಿಲಾರದ, ಲಗೂನ ಕೆಲಸ ಮುಗಿಸಿ ಕಳಿಸ್ಯಾನ!"